ಬಿ.ಎಸ್ಸಿ. ಗಣಿತ, ಭೌತಶಾಸ್ತ್ರಕ್ಕೆ ಯಾವ ಸಾಫ್ಟ್‌ವೇರ್ ಕಲಿಯುವುದು?

ಪ್ರಶ್ನೆ:
ಮೂರನೇ ಸೆಮಿಸ್ಟರ್. ವಿಂಡೋಸ್ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಲ್ಯಾಬಿನಲ್ಲಿ ಮ್ಯಾಕ್ಸಿಮಾ (ಸೂತ್ರಗಳ ಲೆಕ್ಕ ಮಾಡುವ ಉಚಿತ ಸಾಫ್ಟ್‌ವೇರ್) ಇದೆ. ಎಂ.ಎಸ್ಸಿ. ಭೌತಶಾಸ್ತ್ರಕ್ಕೂ ಒದಗಬೇಕು. ಲೆಕ್ಕದ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್ ಕೊಳ್ಳಲೇಬೇಕೆ?

ಉತ್ತರ 1:
ಬೇಡ. ಉತ್ತರ ಸೂತ್ರದ ರೂಪದಲ್ಲೇ ಬೇಕಾದರೆ (ಅನುಕಲನ, ಅವಕಲ ಸಮೀಕರಣ) ಮ್ಯಾಕ್ಸಿಮಾ ಸಾಕು. ಅದರ ಮೆನು ಇರುವ ರೂಪ ಡಬ್ಲ್ಯೂಎಕ್ಸ್‌ಮ್ಯಾಕ್ಸಿಮಾ ಹಾಕಿಕೊಳ್ಳಿ, 4 ಜಿಬಿಯಲ್ಲಿ ಹಗುರವಾಗಿ ಓಡುತ್ತದೆ. ಎರಡು ಕಡೆ ಎಡವುತ್ತಾರೆ. ಚರಾಕ್ಷರಕ್ಕೆ ಬೆಲೆ ಕೊಡುವುದು ಕೋಲನ್‌ನಿಂದ. ಸಮ ಚಿಹ್ನೆ ಹಾಕಿದರೆ ಅದು ಬರೀ ಸಮೀಕರಣವಾಗಿ ಉಳಿಯುತ್ತದೆ. ಪೈ, ಇ, ಐಗಳ ಮುಂಚೆ ಶೇಕಡಾ ಚಿಹ್ನೆ ಹಾಕದಿದ್ದರೆ ಅವೂ ಮಾಮೂಲಿ ಅಕ್ಷರಗಳೇ, ತಪ್ಪು ಅಂತ ಎಚ್ಚರಿಕೆಯೂ ಬರುವುದಿಲ್ಲ. ಅನುಕಲನದ ನಡುವೆ "ಎ ಧನವೋ ಋಣವೋ" ಅಂತ ಕೇಳಿ ನಿಂತರೆ ಅಸ್ಯೂಮ್ ಆಜ್ಞೆಯಲ್ಲಿ ಮೊದಲೇ ಹೇಳಿಬಿಡಿ.

ಉತ್ತರ 2:
ಭೌತಶಾಸ್ತ್ರಕ್ಕೆ ಮ್ಯಾಕ್ಸಿಮಾ ಜೊತೆ ಪೈಥಾನ್ ಬೇಕೇ ಬೇಕು. ಇಡೀ ಅನಕೊಂಡಾ (ಪೈಥಾನ್ ಮತ್ತು ಪ್ಯಾಕೇಜುಗಳ ದೊಡ್ಡ ಕಟ್ಟು) ಬೇಡ, ಭಾರ. ಪೈಥಾನ್ ಹಾಕಿ ಪಿಪ್ (ಪ್ಯಾಕೇಜು ಇಳಿಸುವ ಸಾಧನ) ಮೂಲಕ ನಮ್‌ಪೈ (ಅರೇಗಳಿಗೆ), ಸೈಪೈ (ಸಂಖ್ಯೆಗಳ ಲೆಕ್ಕಕ್ಕೆ), ಮ್ಯಾಟ್‌ಪ್ಲಾಟ್‌ಲಿಬ್ (ಗ್ರಾಫಿಗೆ), ಸಿಂಪೈ (ಸೂತ್ರಗಳಿಗೆ) ಇಳಿಸಿಕೊಳ್ಳಿ. ಘಾತಕ್ಕೆ ಎರಡು ನಕ್ಷತ್ರ. ಕ್ಯಾರೆಟ್ ಹಾಕಿದರೆ ಅದು ಬಿಟ್‌ಗಳ ಎಕ್ಸ್‌ಆರ್: 2 ಕ್ಯಾರೆಟ್ 3 ಅಂದರೆ 8 ಅಲ್ಲ, 1. ಸಿಂಪೈಯಲ್ಲಿ 1/2 ಅಂತ ಬರೆದರೆ ಪೈಥಾನ್ ಅದನ್ನು ಮೊದಲೇ 0.5 ಮಾಡಿಬಿಡುತ್ತದೆ, ಭಿನ್ನರಾಶಿ ಹಾಗೇ ಉಳಿಯಲು ರ‍್ಯಾಷನಲ್ ಬಳಸಿ.

ದೊಡ್ಡ ಅಪಾಯ ಸೈಪೈಯಲ್ಲಿ ಅವಕಲ ಸಮೀಕರಣ ಬಿಡಿಸುವ ಸಾಲ್ವ್‌ಐವಿಪಿಯದು. ಅದರ ಸಾಪೇಕ್ಷ ದೋಷಮಿತಿ (ಆರ್‌ಟಾಲ್) ತಾನಾಗಿ 0.001. ಸರಳ ಆಂದೋಲಕವನ್ನು ಬಹಳ ಸುತ್ತು ಓಡಿಸಿದರೆ ಶಕ್ತಿ ಬದಲಾಗುತ್ತಾ ಹೋಗುತ್ತದೆ. ಅದು ಭೌತಶಾಸ್ತ್ರ ಅಲ್ಲ, ಲೆಕ್ಕದ ದೋಷ. ಆರ್‌ಟಾಲನ್ನು 10ರ ಘಾತ −9ಕ್ಕೆ ಇಳಿಸಿ, ಎಟಾಲನ್ನೂ (ನಿರಪೇಕ್ಷ ದೋಷಮಿತಿ) ಇಳಿಸಿ, ಒಟ್ಟು ಶಕ್ತಿಯ ಗ್ರಾಫ್ ಬಿಡಿಸಿ ನೋಡಿ. ಸ್ಟಿಫ್ ಸಮೀಕರಣ (ತೀರ ವೇಗದ, ತೀರ ನಿಧಾನದ ಬದಲಾವಣೆ ಒಟ್ಟಿಗೆ ಇರುವುದು) ಮುಗಿಯದೆ ತೆವಳುತ್ತಿದ್ದರೆ ವಿಧಾನವನ್ನು ರಾಡೌಗೆ ಬದಲಿಸಿ. ಇದೇ ಕೆಲಸದ ಹಳೆಯ ಓಡಿಇಇಂಟ್ ಉದಾಹರಣೆಗಳಲ್ಲಿ ಫಂಕ್ಷನ್‌ಗೆ ವೈ ಮೊದಲು, ಟಿ (ಕಾಲ) ಆಮೇಲೆ. ಸಾಲ್ವ್‌ಐವಿಪಿಯಲ್ಲಿ ಟಿ ಮೊದಲು.

ಉತ್ತರ 3:
ಗೈಡ್ ಮ್ಯಾಟ್‌ಲ್ಯಾಬ್ ಕೋಡ್ ಕೊಟ್ಟರೆ ಅದೇ ಭಾಷೆಯ ಉಚಿತ ಸಾಫ್ಟ್‌ವೇರ್ ಆಕ್ಟೇವ್‌ನಲ್ಲಿ ಬಹುಪಾಲು ಓಡುತ್ತದೆ. ಟೂಲ್‌ಬಾಕ್ಸ್ (ಮ್ಯಾಟ್‌ಲ್ಯಾಬಿನ ಹೆಚ್ಚುವರಿ ಭಾಗ) ಬಳಸಿದ್ದರೆ ಮಾತ್ರ ಅನುಮಾನ. ಪೈಥಾನಿಗೆ ತರುವಾಗ ಗಮನಿಸಿ: ಆಕ್ಟೇವ್ ಎಣಿಕೆ 1ರಿಂದ, ಪೈಥಾನ್ 0ಯಿಂದ. ಆಕ್ಟೇವ್‌ನಲ್ಲಿ ನಕ್ಷತ್ರ ಅಂದರೆ ಮಾತೃಕೆಗಳ ಗುಣಾಕಾರ. ನಮ್‌ಪೈ ಅರೇಗಳಲ್ಲಿ ಸ್ಥಾನಕ್ಕೆ ಸ್ಥಾನ ಗುಣಿಸುತ್ತದೆ, ಮಾತೃಕೆಗೆ ಅಟ್ ಚಿಹ್ನೆ.

ಪ್ರಶ್ನೆ ಕೇಳಿದವರು:
ಸೇಜ್‌ಮ್ಯಾತ್ (ಇನ್ನೊಂದು ಉಚಿತ ಗಣಿತ ಸಾಫ್ಟ್‌ವೇರ್) ಬೇಡವೆ?

ಉತ್ತರ 1:
ಗ್ರೂಪ್ ಥಿಯರಿ, ಸಂಖ್ಯಾಸಿದ್ಧಾಂತ ಬಂದಾಗ ಅದು ನಿಜಕ್ಕೂ ಒಳ್ಳೆಯದು. ಆದರೆ ವಿಂಡೋಸಿನಲ್ಲಿ ಡಬ್ಲ್ಯೂಎಸ್‌ಎಲ್ (ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ಮೂಲಕ ಹಾಕಬೇಕು, ನಿಮ್ಮ 4 ಜಿಬಿಗೆ ಕಷ್ಟ. ಸಣ್ಣ ಲೆಕ್ಕಗಳನ್ನು ಬ್ರೌಸರಿನಲ್ಲೇ ಸೇಜ್‌ಮ್ಯಾತ್‌ಸೆಲ್‌ನಲ್ಲಿ ಮಾಡಿಕೊಳ್ಳಿ.