ಅಪ್‌ಡೇಟ್: ಅಮ್ಮ ಹೋದ ಮೇಲೆ ಪ್ರಾರ್ಥನೆ ಬರ್ತಿಲ್ಲ ಅಂದಿದ್ದೆ

ಅಮ್ಮ ತೀರಿಕೊಂಡ ಮೇಲೆ ಪ್ರಾರ್ಥನೆಗೆ ಕೂತರೆ ಬಾಯಿಂದ ಒಂದು ಮಾತೂ ಹೊರಡ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕೈ ಹಿಡಿದದ್ದು, ಸ್ವಂತ ಮಾತು ಬರದಿದ್ದರೆ ಬೈಬಲ್‌ನ ಕೀರ್ತನೆಗಳನ್ನೇ ಬಾಯಿಬಿಟ್ಟು ಓದಿ ಅಂದವರ ಸಲಹೆ. 13ನೇ ಕೀರ್ತನೆ ಶುರುವಾಗುವುದೇ ದೇವರ ಮೇಲಿನ ದೂರಿನಿಂದ, ಆರೇ ವಚನ, ಆದರೂ ಕೊನೆಗೆ ಹಾಡಿಗೆ ಬಂದು ನಿಲ್ಲುತ್ತದೆ. 88ನೇದು ಹಾಗಲ್ಲ. ಕತ್ತಲೆಯಲ್ಲೇ ಮುಗಿದುಹೋಗುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. ಅಂಥದ್ದೂ ಬೈಬಲ್‌ನಲ್ಲಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ! ಅದನ್ನು ಓದುವಾಗಲೇ ಸರಿಯಾಗಿ ಅತ್ತಿದ್ದು.

ಬೈಬಲ್‌ನಲ್ಲೇ ಇರೋ, ಎಲ್ಲ ಕಳೆದುಕೊಂಡ ಯೋಬನ ಪುಸ್ತಕ ಪೂರ್ತಿ ಓದಿ ಅಂದಿದ್ದರಲ್ಲ, ಅದು ಆಗಲಿಲ್ಲ. 42 ಅಧ್ಯಾಯ, ಅದರಲ್ಲಿ ಅವನಿಗೆ ಸಮಾಧಾನ ಹೇಳೋಕೆ ಬಂದ ಗೆಳೆಯರ ಉಪದೇಶವೂ ತುಂಬ ಇದೆ, ದುಃಖದಲ್ಲಿರೋರಿಗೆ ಸುಸ್ತಾಗುತ್ತದೆ. "ದೇವರ ಚಿತ್ತ, ಅಳಬೇಡಿ" ಅನ್ನೋದೂ ನನಗೆ ಹಿಡಿಸಲಿಲ್ಲ. ಸತ್ತಿದ್ದ ಲಾಜರನನ್ನು ಎಬ್ಬಿಸೋಕೆ ಮೊದಲು ಯೇಸುಸ್ವಾಮಿಯೇ ಕಣ್ಣೀರು ಹಾಕಿದರು ಅಲ್ವಾ (ಯೋಹಾನ 11:35), ಮತ್ತೆ ನಾನ್ಯಾಕೆ ಅಳಬಾರದು?

ಈಗ ರಾತ್ರಿ ಒಂದು ಕೀರ್ತನೆ ಓದಿ, ಕೊನೆಗೆ ನನ್ನವೇ ಒಂದೆರಡು ಮಾತು ಸೇರಿಸುತ್ತೇನೆ. ಅಮ್ಮನನ್ನು ಮತ್ತೆ ನೋಡ್ತೀನಿ ಅನ್ನೋ ನಿರೀಕ್ಷೆ ಇದೆ, ಇಷ್ಟು ಬೇಗ ಯಾಕೆ ಕರ್ಕೊಂಡೆ ಅನ್ನೋ ಸಿಟ್ಟೂ ಇದೆ. ಎರಡನ್ನೂ ಹೇಳ್ತೀನಿ.