ಮನೆಯಲ್ಲೇ ಕಾರ್ ಕೆಲಸ ಮಾಡುವವರು ಕಲಿತ ಪಾಠಗಳು ಏನೇನು?

ಹಳೇ_ಎಂಟುನೂರು: ಅಪ್ಪನ ಕಾಲದ ಮಾರುತಿ 800 ಇನ್ನೂ ಮನೆಯಲ್ಲಿದೆ. 796 ಸಿಸಿ ಎಂಜಿನ್, ಬಾನೆಟ್ ಎತ್ತಿದರೆ ಎಲ್ಲಾ ಕೈಗೆ ಸಿಗುತ್ತದೆ. ಭಾನುವಾರ ಗೇರ್ ಆಯಿಲ್ ನಾನೇ ಬದಲಾಯಿಸೋಣ ಅಂತ. ಕೈ ಮಸಿಯಾದ ಮೇಲಷ್ಟೇ ಗೊತ್ತಾಗುವ ವಿಷಯ ಇದ್ದರೆ ಹೇಳಿ.

ಸ್ಪ್ಯಾನರ್_ಅಣ್ಣ: ಕೆಳಗಿನ ಡ್ರೈನ್ ಬೋಲ್ಟ್ ಮುಟ್ಟುವ ಮೊದಲು ಆಯಿಲ್ ತುಂಬುವ ಬೋಲ್ಟ್ ಬಿಚ್ಚಿಕೊಳ್ಳುತ್ತದಾ ಅಂತ ನೋಡಿ. ಇದು ತುಂಬಾ ಮುಖ್ಯ. ಅದು ತುಕ್ಕು ಹಿಡಿದು ಕೂತಿದ್ದರೆ, ಹಳೇ ಆಯಿಲ್ ಎಲ್ಲಾ ಇಳಿದ ಮೇಲೆ ಹೊಸದು ಹಾಕಲು ದಾರಿ ಇರಲ್ಲ, ಗ್ಯಾರೇಜಿಗೆ ಓಡಿಸಿಕೊಂಡು ಹೋಗೋಕೂ ಆಗಲ್ಲ, ಕಾರು ಅಲ್ಲೇ ಠಿಕಾಣಿ!

ಭಾನುವಾರದ_ಮೆಕ್ಯಾನಿಕ್: 10 ನಂಬರ್ ಸ್ಪ್ಯಾನರ್ ಎರಡು ತಗೊಳ್ಳಿ ಸರ್. ಎಲ್ಲರ ಮನೆಯಲ್ಲೂ ಮಾಯವಾಗೋದು ಅದೇ, ಬೇಕಾಗೋದೂ ಅದೇ! ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದೇ ಕೊನೆಗೆ. ಇಲ್ಲದಿದ್ದರೆ ಪಾಸಿಟಿವ್ ಮೇಲಿರುವ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದ ಕೂಡಲೇ ಪಟ್ ಅಂತ ಕಿಡಿ.

ಸ್ಪ್ಯಾನರ್_ಅಣ್ಣ: ಹೌದು. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಟ್ಟೇ ಮಲಗಿ. ಚಕ್ರ ತೆಗೆಯೋದಿದ್ದರೆ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲ ಮಾಡಿ. ಎತ್ತಿದ ಮೇಲೆ ತಿರುಗಿಸಿದರೆ ನಟ್ ಬದಲು ಚಕ್ರವೇ ಸುತ್ತುತ್ತದೆ ಅಲ್ವಾ.

ಹಳೇ_ಎಂಟುನೂರು: ಥ್ಯಾಂಕ್ಸ್ ಅಣ್ಣಾ. ತುಂಬುವ ಬೋಲ್ಟ್‌ಗೆ ಇವತ್ತು ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡುತ್ತೇನೆ.