ಕೋಮ್ ಎಲ್-ಹೆಟ್ಟಾನ್: ತೇವದ ನೆಲದಿಂದ ತೆಗೆದ ಕೆತ್ತನೆಗಲ್ಲು ಪುಡಿಯಾಗದಂತೆ ಒಣಗಿಸುವುದು ಹೇಗೆ?

ಮಣ್ಪದರ:
ಈಜಿಪ್ಟಿನ ಲಕ್ಸರ್‌ನಲ್ಲಿ, ನೈಲ್‌ನ ಪಶ್ಚಿಮ ದಂಡೆಯಲ್ಲಿ, ಮೆಮ್ನಾನ್ ಎಂಬ ಜೋಡಿ ಬೃಹತ್ ಮೂರ್ತಿಗಳ ಹಿಂದೆ ಹರಡಿರುವ ಕೋಮ್ ಎಲ್-ಹೆಟ್ಟಾನ್, ಅಂದರೆ ಫೇರೋ ಮೂರನೇ ಅಮೆನ್‌ಹೊಟೆಪ್‌ನ ದೇವಾಲಯದ ಬಗ್ಗೆ ಕೇಳುತ್ತಿದ್ದೇನೆ. ಮೂರು ಸಾವಿರ ವರ್ಷ ಮಣ್ಣೊಳಗೆ ಗಟ್ಟಿಯಾಗಿದ್ದ ಮರಳುಗಲ್ಲಿನ ತುಂಡು ಮೇಲೆ ಬಂದ ಕೆಲವೇ ದಿನಗಳಲ್ಲಿ ಬಿಳಿ ಹಿಟ್ಟು ಹೊದ್ದು ಹಪ್ಪಳದಂತೆ ಏಳುವುದೇಕೆ? ತೆಗೆದ ಕೂಡಲೇ ಗಟ್ಟಿಗೊಳಿಸುವ ದ್ರಾವಣ ಬಳಿದರೆ ಆಗದೇ? ಉಪ್ಪು ತೆಗೆಯುವ ಲೇಪವನ್ನು ಎಷ್ಟು ಸಲ ಹಾಕಬೇಕು, ಯಾವಾಗ ನಿಲ್ಲಿಸಬೇಕು?

ಉಪ್ಪುಹರಳು:
ಕಲ್ಲನ್ನು ಕೆಡಿಸುವುದು ನೀರಲ್ಲ, ಒಣಗುವ ವೇಗ. ಉಪ್ಪು ನೀರಿನಲ್ಲಿ ಕರಗಿರುವವರೆಗೆ ಕಲ್ಲಿಗೆ ತೊಂದರೆ ಇಲ್ಲ. ಈ ನಿವೇಶನ ನೈಲ್ ಬಯಲಿನಲ್ಲೇ ಇದೆ. ಹಿಂದೆ ವರ್ಷಕ್ಕೊಮ್ಮೆ ಪ್ರವಾಹ ಬಂದು ಇಳಿಯುತ್ತಿತ್ತು. 1970ರಲ್ಲಿ ಅಸ್ವಾನ್ ಹೈ ಡ್ಯಾಂ ಮುಗಿದ ಮೇಲೆ ಸುತ್ತಲಿನ ಕಬ್ಬಿನ ಗದ್ದೆಗಳಿಗೆ ವರ್ಷವಿಡೀ ನೀರು ಹರಿದು ಅಂತರ್ಜಲ ಮೇಲೆಯೇ ನಿಂತಿತು. ಆ ನೀರಿನ ಉಪ್ಪೇ ಕಲ್ಲಿನ ರಂಧ್ರಗಳಲ್ಲಿ ತುಂಬಿದೆ.

ಕಲ್ಲನ್ನು ಬಿಸಿಲಿಗಿಟ್ಟರೆ ಒಳಗಿನ ನೀರು ಮೇಲ್ಮೈಗೆ ಬರುವಷ್ಟು ವೇಳೆ ಸಿಗುವುದಿಲ್ಲ. ಅದು ಕೆಲವು ಮಿಲಿಮೀಟರ್ ಒಳಗೇ ಆವಿಯಾಗುತ್ತದೆ. ಹರಳು ಅಲ್ಲೇ ಬೆಳೆದು ಕೆತ್ತನೆಯ ಪದರವನ್ನು ಹೊರಕ್ಕೆ ತಳ್ಳುತ್ತದೆ. ನಿಧಾನ ಒಣಗಿಸಿದರೆ ಅದೇ ಉಪ್ಪು ಹೊರಮೈಗೆ ಬಂದು ಹಿಟ್ಟಾಗುತ್ತದೆ, ಮೆತ್ತನೆ ಬ್ರಷ್‌ನಿಂದ ಗುಡಿಸಬಹುದು. ಹಾಗಾಗಿ ಬಿಳಿ ಹಿಟ್ಟು ಕಂಡರೆ ಹೆದರಬೇಡಿ, ಹಪ್ಪಳ ಎದ್ದರೆ ಹೆದರಿ. ಅಡುಗೆ ಉಪ್ಪು ಗಾಳಿಯ ತೇವಾಂಶ 75% ದಾಟಿದರೆ ಕರಗುತ್ತದೆ, ಅದಕ್ಕಿಂತ ಇಳಿದರೆ ಹರಳಾಗುತ್ತದೆ. ಬೆಳಗಿನ ಜಾವ ತೇವ ಆ ಗಡಿ ದಾಟಿ ಮಧ್ಯಾಹ್ನ ಇಳಿದರೆ ಕಲ್ಲು ದಿನಕ್ಕೊಂದು ಏಟು ತಿಂದಂತೆ. ಸೋಡಿಯಂ ಸಲ್ಫೇಟ್ ಇನ್ನೂ ಕೆಟ್ಟದ್ದು: ನೀರು ಹೀರಿದಾಗ ಅದರ ಗಾತ್ರ ಮೂರು ಪಟ್ಟಿಗೂ ಹೆಚ್ಚಾಗುತ್ತದೆ.

ಕೆಲಸದ ಕ್ರಮ ಹೀಗಿರಲಿ. ಕಲ್ಲಿನ ಮುಖ ಕಂಡ ಕ್ಷಣವೇ ಮೇಲೆ ನೆರಳು ಕಟ್ಟಿಸಿ. ಮಣ್ಣಿನ ಪದರದ ಸಂಖ್ಯೆ, ಅಳತೆಪಟ್ಟಿ ಇಟ್ಟ ಫೋಟೋ, ಟೋಟಲ್ ಸ್ಟೇಷನ್‌ನಲ್ಲಿ (ಸರ್ವೆ ಅಳತೆಯ ಉಪಕರಣ) ಕನಿಷ್ಠ ನಾಲ್ಕು ಮೂಲೆಗಳ ಬಿಂದು, ಕಲ್ಲು ಬಿದ್ದಿದ್ದ ದಿಕ್ಕು, ಇವೆಲ್ಲ ಎತ್ತುವ ಮೊದಲೇ ಆಗಬೇಕು. ಈ ಹೊತ್ತಿನಲ್ಲೇ ಮೈ ಒಣಗಿಬಿಡುತ್ತದೆ, ಆದ್ದರಿಂದ ಕೆಲಸ ಮಾಡುತ್ತಿರುವ ಭಾಗ ಬಿಟ್ಟು ಉಳಿದದ್ದರ ಮೇಲೆ ಒದ್ದೆ ಹತ್ತಿ ಬಟ್ಟೆ ಇರಲಿ. ಎತ್ತಿದ ಮೇಲೆ ಬಟ್ಟೆಯ ಮೇಲೆ ಪಾಲಿಥಿನ್ ಹಾಳೆ ಹೊದಿಸಿ, ವಾರಗಟ್ಟಲೆ ಅಂಚು ಅಂಚಾಗಿ ತೆರೆಯುತ್ತಾ ಹೋಗಿ. ಉಪ್ಪು ಬಟ್ಟೆಗೆ ಸೇರುತ್ತದೆ. ಬೂಷ್ಟು ಬಂದಿದೆಯೇ ಅಂತ ದಿನವೂ ನೋಡಬೇಕು.

ಉಪ್ಪುಹರಳು:
ಲೇಪದ ವಿಷಯ ಬಿಟ್ಟುಹೋಯಿತು. ಕಲ್ಲಿನ ಮೇಲೆ ಜಪಾನೀಸ್ ಟಿಶ್ಯೂ (ತೆಳು ಆದರೆ ಗಟ್ಟಿ ಕಾಗದ), ಅದರ ಮೇಲೆ ಡಿಅಯೋನೈಸ್ಡ್ (ಕರಗಿದ ಲವಣ ತೆಗೆದ) ನೀರಿನಲ್ಲಿ ಕಲಸಿದ ಸೆಲ್ಯುಲೋಸ್ ತಿರುಳು, 1.5ರಿಂದ 2 ಸೆಂ.ಮೀ. ದಪ್ಪ. ಗಾಳಿ ಉಳಿಯದಂತೆ ಒತ್ತಬೇಕು, ಗುಳ್ಳೆ ಇದ್ದಲ್ಲಿ ಉಪ್ಪು ಬರುವುದಿಲ್ಲ. ಕಲ್ಲಿನ ರಂಧ್ರ ಬಹಳ ಸಣ್ಣದಾಗಿದ್ದರೆ ತಿರುಳಿಗೆ ಕೆಯೊಲಿನ್ ಮಣ್ಣು ಬೆರೆಸಿ. ಲೇಪದ ರಂಧ್ರ ಕಲ್ಲಿನದಕ್ಕಿಂತ ಸಣ್ಣದಿದ್ದರೆ ಮಾತ್ರ ಒಣಗುವಾಗ ನೀರು ಕಲ್ಲಿನಿಂದ ಲೇಪಕ್ಕೆ ಹರಿಯುತ್ತದೆ. ಮೊದಲ ದಿನ ಮುಚ್ಚಿಡಿ, ಆಮೇಲೆ ನೆರಳಿನಲ್ಲಿ ಪೂರ್ತಿ ಒಣಗಿ ತಾನಾಗಿ ಬಿಡಲಿ.

"ಎಷ್ಟು ಸಲ" ಅನ್ನುವುದಕ್ಕೆ ಸಂಖ್ಯೆ ಕೊಡುವವರನ್ನು ನಂಬಬೇಡಿ. ತೆಗೆದ ಒಣ ತಿರುಳು 1 ಗ್ರಾಂ, ಡಿಅಯೋನೈಸ್ಡ್ ನೀರು 100 ಮಿ.ಲೀ., ಕಲಕಿ ವಿದ್ಯುತ್ ವಾಹಕತೆ ಅಳೆಯಿರಿ, ಉಪ್ಪು ಹೆಚ್ಚಿದ್ದಷ್ಟೂ ಅಂಕಿ ಹೆಚ್ಚು. ಬಳಸದ ತಿರುಳಿನದನ್ನೂ ಹಾಗೆಯೇ ಅಳೆದು ಕಳೆಯಿರಿ. ಎರಡು ಸಲದ ನಡುವೆ ಅಂಕಿ ಇಳಿಯುವುದು ನಿಂತಾಗ ನಿಲ್ಲಿಸಿ, ಸೊನ್ನೆಗೆ ಕಾಯಬೇಡಿ. ಕ್ಲೋರೈಡ್ (ಅಡುಗೆ ಉಪ್ಪಿನಲ್ಲಿರುವಂಥದ್ದು) ಇದೆಯೇ ತಿಳಿಯಲು ಆ ನೀರಿಗೆ ಒಂದು ಹನಿ ನೈಟ್ರಿಕ್ ಆಮ್ಲ ಹಾಕಿ, ಆಮೇಲೆ ಸಿಲ್ವರ್ ನೈಟ್ರೇಟ್: ಹಾಲಿನಂತೆ ಬೆಳ್ಳಗಾದರೆ ಇನ್ನೂ ಇದೆ. ಆಮ್ಲ ಹಾಕದಿದ್ದರೆ ಕಾರ್ಬೊನೇಟ್ ಕೂಡ ಬಿಳಿ ಕೊಟ್ಟು ಮೋಸ ಮಾಡುತ್ತದೆ. ಬಾವಿ ನೀರು ಯಾವ ಕಾರಣಕ್ಕೂ ಬೇಡ, ತೆಗೆಯುತ್ತಿರುವ ಉಪ್ಪು ಬಂದದ್ದೇ ಅಲ್ಲಿಂದ.

ವರ್ಣರೇಖೆ:
ಮೇಲಿನ ಇಡೀ ವಿಧಾನಕ್ಕೆ ಒಂದು ತಡೆ: ಬಣ್ಣದ ಚೂರಾದರೂ ಉಳಿದಿದ್ದರೆ ಆ ಜಾಗಕ್ಕೆ ಒದ್ದೆ ಬಟ್ಟೆ, ಒದ್ದೆ ಲೇಪ ಎರಡೂ ತಾಗಬಾರದು. ಈಜಿಪ್ಟಿನ ಬಣ್ಣವನ್ನು ಹಿಡಿದಿಡುವುದು ಗೋಂದಿನಂಥ ಅಂಟು, ನೀರಿಗೆ ಕರಗಿ ಬಣ್ಣ ತಿರುಳಿನ ಜೊತೆ ಎದ್ದು ಬರುತ್ತದೆ. ಮೊದಲು ಓರೆ ಬೆಳಕಿನಲ್ಲಿ, ಭೂತಗನ್ನಡಿಯಲ್ಲಿ ಕೆತ್ತನೆಯ ಗುಳಿಗಳನ್ನು ನೋಡಿ. ಬಣ್ಣ ಉಳಿಯುವುದೇ ಅಲ್ಲಿ.

ಗಟ್ಟಿಗೊಳಿಸುವ ದ್ರಾವಣ ಮೊದಲು ಹಾಕುವುದು ತಪ್ಪು. ಒದ್ದೆ ಕಲ್ಲಿಗೆ ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 (ಅಕ್ರಿಲಿಕ್ ರಾಳ) ಬಳಿದರೆ ಮೈ ಬೆಳ್ಳಗಾಗುತ್ತದೆ, ಉಪ್ಪು ಅದರ ಹಿಂದೆ ಸಿಕ್ಕಿಬೀಳುತ್ತದೆ, ಮುಂದೆ ಉದುರುವಾಗ ಇನ್ನೂ ದಪ್ಪ ಪದರವೇ ಉದುರುತ್ತದೆ. ಕಲ್ಲು ಗಟ್ಟಿಗೊಳಿಸುವ ಇನ್ನೊಂದು ದ್ರವ ಈಥೈಲ್ ಸಿಲಿಕೇಟ್ ಕೂಡ ಉಪ್ಪು ತೆಗೆದ ಮೇಲೆಯೇ, ಅದು ಒಳಗೆ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಈಗಲೇ ಕಳಚುತ್ತಿರುವ ಅಂಚು ಮಾತ್ರ ಅಪವಾದ. ಅಲ್ಲಿ ಟಿಶ್ಯೂ ಪಟ್ಟಿಯಿಂದ ಚುಕ್ಕೆ ಚುಕ್ಕೆಯಾಗಿ ಹಿಡಿದರೆ ಸಾಕು.

ಮಣ್ಪದರ:
ಧನ್ಯವಾದ. ಉಪ್ಪು ತೆಗೆದ ಕಲ್ಲನ್ನು ಬಯಲಲ್ಲೇ ಇಡಬೇಕಾದರೆ? ದೊಡ್ಡ ಮೂರ್ತಿಗಳ ತುಂಡುಗಳಿಗೂ ಇದೇ ಕ್ರಮವೇ?

ಇಟ್ಟಿಗೆಕಟ್ಟೆ:
ನೆಲದ ಮೇಲೆ ನೇರ ಇಟ್ಟರೆ ಮಾಡಿದ್ದೆಲ್ಲ ವ್ಯರ್ಥ, ಕಲ್ಲು ಮತ್ತೆ ಉಪ್ಪುನೀರು ಹೀರುತ್ತದೆ. ಇಟ್ಟಿಗೆಯ ಕಟ್ಟೆ ಕಟ್ಟಿ ತೇವ ಏರದ ಪದರ ಹಾಕಬೇಕು. ಅಲ್ಲಿ ಇದಕ್ಕೆ ಮಸ್ತಬಾ ಅನ್ನುತ್ತಾರೆ. ಆ ಪದರದ ಅಂಚು ಕಟ್ಟೆಯಿಂದ ಹೊರಗೆ ಕಾಣುವಂತಿರಲಿ, ಒಳಗೇ ಕತ್ತರಿಸಿದರೆ ಗಾರೆಯ ಮೂಲಕ ತೇವ ಸುತ್ತುಹಾಕಿ ಏರುತ್ತದೆ. ಕಲ್ಲಿಗೆ ತಾಗುವ ಕಡೆ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬೇಡ, ಅದರೊಳಗೇ ಕರಗುವ ಉಪ್ಪಿದೆ. ಕಲ್ಲಿನ ಗುರುತಿನ ಸಂಖ್ಯೆಯನ್ನು ಕೆತ್ತನೆಯಿಲ್ಲದ ಮೈಮೇಲೆ ಬರೆಯಿರಿ.

1998ರಿಂದ ಪುರಾತತ್ವಜ್ಞೆ ಹೂರಿಗ್ ಸೂರೂಜಿಯಾನ್ ಅವರ ತಂಡ ಅಲ್ಲಿ ಬಿದ್ದ ಕ್ವಾರ್ಟ್‌ಜೈಟ್ (ಸ್ಫಟಿಕಶಿಲೆ) ಮೂರ್ತಿಗಳನ್ನು ಗಾಳಿದಿಂಬುಗಳಿಂದ ಮೇಲೆತ್ತಿ, ಉಪ್ಪು ತೆಗೆದು, ಜೋಡಿಸಿ ನಿಲ್ಲಿಸುತ್ತಾ ಬಂದಿದೆ. ಚಪ್ಪಟೆ ದಿಂಬನ್ನು ಕಲ್ಲಿನಡಿ ಸರಿಸಿ ಗಾಳಿ ತುಂಬಿದರೆ ಭಾರ ಒಂದೇ ಬಿಂದುವಿಗೆ ಬೀಳದೆ ಹರಡುತ್ತದೆ. ಪ್ರತಿ ಕೆಲವು ಸೆಂ.ಮೀ. ಏರಿದಾಗ ಕೆಳಗೆ ಮರದ ದಿಮ್ಮಿ ಕೊಡಬೇಕು, ದಿಂಬಿನ ಮೇಲೆ ಕಲ್ಲನ್ನು ಬಿಟ್ಟುಹೋಗಬಾರದು. ಕ್ವಾರ್ಟ್‌ಜೈಟ್ ಮರಳುಗಲ್ಲಿಗಿಂತ ಗಟ್ಟಿ, ಅದರಲ್ಲಿ ಉಪ್ಪು ಕೂರುವುದು ಹೆಚ್ಚಾಗಿ ಬಿರುಕುಗಳಲ್ಲಿ ಮತ್ತು ಒಡೆದ ಮುಖಗಳಲ್ಲಿ. ಆದ್ದರಿಂದ ಒಡೆದ ಮುಖಗಳಿಗೆ ಲೇಪ ಮೊದಲು. ಸ್ಟೇನ್‌ಲೆಸ್ ಸ್ಟೀಲ್ ಸರಳು ಹಾಕಿ ಅಂಟಿಸಿದ ಮೇಲೆ ಆ ಮುಖಗಳಿಗೆ ಮತ್ತೆ ಕೈ ಎಟುಕುವುದಿಲ್ಲ.